ಕರೆಯಲು ಹೋಗಿ ಕೇಳಿ ಬಂದದ್ದು

ಅಥವಾ ಅಂದು ನಾನು ಸೈಕಲ್ಲಿನ ಮೇಲೆ ಹೋಗಿರಲೇ ಇಲ್ಲವೇನೋ. ಹಾನಗಲ್ಲಿನಿಂದ ಚಿಕ್ಕೇರೂರಿನವರೆಗೆ ಎದುರುಗಾಳಿಯಲ್ಲಿ ತುಳಿದೆ ಎಂದು ಎಷ್ಟೋ ಮಂದಿಗೆ ಹೇಳಿದ್ದೇನೆ. ಹೇಳಿದಷ್ಟು ಸಲವೂ ಗಾಳಿ ಜೋರಾಗಿದೆ. ಆ ವರ್ಷ ನಮ್ಮ ಮನೆಯಲ್ಲಿ ಸೈಕಲ್ ಎಲ್ಲಿತ್ತು ಎಂದು ತಂಗಿ ಒಮ್ಮೆ ಕೇಳಿದಳು. ಚೆನ್ನಾಗಿ ಜೋಡಿಸಿಕೊಂಡು ಬರುವ ನೆನಪನ್ನು ನಾನು ನಂಬುವುದಿಲ್ಲ. ಹೋದದ್ದು ಮಾತ್ರ ನಿಜ, ಅದಕ್ಕೆ ನನ್ನ ನೋಟುಬುಕ್ಕು ಸಾಕ್ಷಿ.

ಎರಡನೇ ಮಹಾಯುದ್ಧದ ವರ್ಷಗಳು ಅವು. ನಾನು ಪುಣೆಯಲ್ಲಿ ಭಾಷಾಶಾಸ್ತ್ರ ಓದುತ್ತಿದ್ದೆ, ಊರಲ್ಲಿ ಇದೇ ತಂಗಿಯ ಮದುವೆ ಗೊತ್ತಾಗಿತ್ತು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಕಡೆಯ ಒಕ್ಕಲಿಗರ ಮಾತು ಬರೆದು ತಾ ಎಂದು ನಮ್ಮ ಪ್ರಾಧ್ಯಾಪಕರ ಅಪ್ಪಣೆ. ಅದೇ ನಾಲ್ಕೂ ಕಡೆಯ ನೆಂಟರನ್ನು ಕರೆದು ಬಾ ಎಂದು ಅಪ್ಪನ ಅಪ್ಪಣೆ. ಹೇಗೂ ತಿರುಗುತ್ತೀಯಲ್ಲ ಎಂಬುದು ಇಬ್ಬರ ವಾದವೂ ಆಗಿತ್ತು. ಯಾವ ಉಪಯೋಗಕ್ಕೂ ಬಾರದ್ದನ್ನು ಓದುವವನು ಎಲ್ಲರ ಕೆಲಸಕ್ಕೂ ಸಿಗುತ್ತಾನೆ.

ಸವಣೂರಿನಲ್ಲಿ ಮದುವೆಗೆ ವೀಳ್ಯದೆಲೆ ಗೊತ್ತುಮಾಡಬೇಕಿತ್ತು. ತೋಟದವನ ಮಾತು ಎರಡು ಪುಟ ಬರೆದುಕೊಂಡೆ, ಎಲೆಯ ಮಾತು ಮರೆತೆ, ಮತ್ತೊಮ್ಮೆ ಹೋದೆ. ಶಿಗ್ಗಾಂವಿಯಲ್ಲಿ ಬೀಗರ ಕಟ್ಟೆಯ ಮೇಲೆ ಕುಳಿತು ನೋಟುಬುಕ್ಕು ತೆಗೆದದ್ದೇ ತಡ, ಒಳಗೆ ಚೀಲ ಎಳೆಯುವ ಸದ್ದು. ರೈತರು ಕಡ್ಡಾಯವಾಗಿ ಕೊಡಬೇಕಾದ ಲೇವಿ ಕಾಳಿಗಾಗಿ ಸರಕಾರದವರು ಮನೆ ಮನೆ ತಿರುಗುತ್ತಿದ್ದ ಕಾಲ. ಮದುಮಗನ ಅಜ್ಜ ಹೊರಗೆ ಬಂದು, "ಈ ವರ್ಷ ಜ್ವಾಳ ಬೆಳದೇ ಇಲ್ರಿ ಸಾಹೇಬ್ರ" ಎಂದು ಕೈಮುಗಿದ. ನಾನು ಹೆಣ್ಣಿನ ಅಣ್ಣನೆಂದು ತಿಳಿಯಪಡಿಸಲು ಅರ್ಧ ತಾಸು ಹಿಡಿಯಿತು. ಆಮೇಲೆ ಊಟಕ್ಕೆ ಜೋಳದ ರೊಟ್ಟಿಯೇ ಬಂತು.

ನಮ್ಮ ಶಾಸ್ತ್ರಕ್ಕೊಂದು ನಿಯಮವಿದೆ. ನಿನಗೇನು ಬೇಕೆಂದು ಹೇಳಬೇಡ. ಸುಮ್ಮನೆ ಕುಳಿತುಕೋ, ಅವರನ್ನು ಮಾತಾಡಲು ಬಿಡು. ಕರೆಯುವುದರ ನಿಯಮ ಇದಕ್ಕೆ ಪೂರಾ ಉಲ್ಟಾ. ಹೊಸ್ತಿಲು ದಾಟಿ, ಕುಂಕುಮ ಹಚ್ಚಿ, ಅಕ್ಕಿಕಾಳು ಕೊಟ್ಟು, ಯಾರ ಮದುವೆ, ಯಾವ ದಿನ, ಎಲ್ಲಿ ಎಂದು ಗಟ್ಟಿಯಾಗಿ ಹೇಳಿ, ಮನೆಮಂದಿಯೆಲ್ಲ ಬರಬೇಕೆನ್ನಬೇಕು. ಸುದ್ದಿ ಮೊದಲೇ ಗೊತ್ತಿದ್ದರೂ, ಬಾಯಿಬಿಟ್ಟು ಹೇಳದಿದ್ದರೆ ಕರೆದಂತಲ್ಲ.

ಹಿರೇಕೆರೂರು ಕಡೆಯ ಚಿಕ್ಕೇರೂರಿನಲ್ಲಿದ್ದವನು ನನ್ನ ಸೋದರಮಾವ, ಅವ್ವನ ಒಬ್ಬನೇ ಅಣ್ಣ. ಅಪ್ಪ ಎರವಲು ತಂದ ಅವನ ಎತ್ತು ಬಡಕಲಾಗಿ ಮರಳಿತೆಂದು ಆರು ವರ್ಷದಿಂದ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಮದುಮಗಳಿಗೆ ಬಾಸಿಂಗ ಕಟ್ಟುವವನು ಸೋದರಮಾವ. ಅಪ್ಪ ಹೋಗಲೊಲ್ಲ. ಅವ್ವ ಅವನ ಮನೆಗೆಂದೇ ಬೇರೆ ಕುಂಕುಮದ ಪೊಟ್ಟಣವನ್ನು ನನ್ನ ಚೀಲದಲ್ಲಿ ತಾನೇ ಇಟ್ಟು, "ಅಂವ ಬಂದ್ರ ಸಾಕಪಾ, ನನಗ ಮತ್ತೇನೂ ಬ್ಯಾಡ" ಅಂದಿದ್ದಳು.

ಮಾವ ಅಂಗಳದಲ್ಲಿ ಬೀಜ ಬಿತ್ತುವ ಕೂರಿಗೆ ರಿಪೇರಿ ಮಾಡುತ್ತಿದ್ದ. ಅದರ ಒಂದೊಂದು ಭಾಗಕ್ಕೂ ಏನನ್ನುತ್ತಾರೆಂದು ಕೇಳಿದೆ. ದಿಂಡು, ತಾಳು, ಈಸು ಎಂದು ಶುರುಮಾಡಿದವನು ಹೊಲಕ್ಕೆ ಕರೆದೊಯ್ದ, ಮಣ್ಣಿನ ಬಣ್ಣಗಳನ್ನೂ ಕಳೆಗಳನ್ನೂ ಹೆಸರಿಸಿದ. ಆರು ವರ್ಷದ ಬಿಗುಮಾನವೆಲ್ಲ ಸಡಿಲಾದಂತಿತ್ತು. ನಾನು ನಿಯಮದಂತೆ ಬಾಯಿಮುಚ್ಚಿಕೊಂಡು ಹನ್ನೊಂದು ಪುಟ ಬರೆದೆ. ಹೊರಡುವಾಗ ಅವನು ಹೊಸ್ತಿಲ ಬಳಿ ಸ್ವಲ್ಪ ಹೊತ್ತು ನಿಂತೇ ಇದ್ದ. ಏನನ್ನೋ ಕಾಯುತ್ತಿದ್ದಾನೆಂದು ಈಗ ಅನ್ನಿಸುತ್ತದೆ. ಅಂದು ಅನ್ನಿಸಲಿಲ್ಲ.

ಮನೆಗೆ ಬಂದಾಗ ಅವ್ವ, "ಕರದಿ?" ಅಂದಳು. ಹೂಂ ಅಂದೆ. ಚೀಲ ಬರಿದು ಮಾಡಿದಾಗ ಪೊಟ್ಟಣ ಕಟ್ಟಿದ ದಾರದ ಸಮೇತ ಹಾಗೇ ಇತ್ತು. ನಿಜ ಹೇಳಲು ಹೋದೆ, ಅಷ್ಟರಲ್ಲಿ ಯಾರೋ ಕೂಗಿದರು ಎಂದು ನೆನಪು. ಎಷ್ಟು ಸರಿಯಾದ ಹೊತ್ತಿಗೆ ಕೂಗಿದ್ದಾರೆ ನೋಡಿ! ನಾನು ಹೇಳಲಿಲ್ಲ, ಅಷ್ಟೆ. ಮತ್ತೆ ಹೋಗಲು ಇನ್ನೂ ನಾಲ್ಕು ದಿನ ಇದ್ದವು. ಹೋಗಲೂ ಇಲ್ಲ.

ಮದುವೆಯ ದಿನ ಮಾವ ಬಂದ. ಯಾರನ್ನೂ ನೋಡದೆ ನೆಟ್ಟಗೆ ಹಂದರದೊಳಗೆ ಬಂದು, ತಂಗಿಗೆ ಬಾಸಿಂಗ ಕಟ್ಟಿ, ತಲೆಯ ಮೇಲೆ ಕೈಯಿಟ್ಟು, ಬಂಡಿಯ ಕಡೆ ತಿರುಗಿದ. ಊಟಕ್ಕೆ ಏಳಿರೆಂದು ಅಡ್ಡ ನಿಂತವನು ನಾನೇ.

"ಹುಡಿಗಿ ನನ್ನ ತಂಗೀ ಮಗಳು, ಬಂದೇನಿ. ಉಣ್ಣಾಕ ನನಗ ಯಾರೂ ಕರದಿಲ್ಲಲ್ಲೋ ಅಳಿಯಾ" ಅಂದ. ಸಿಟ್ಟಿರಲಿಲ್ಲ, ಕೂರಿಗೆಯ ಭಾಗಗಳನ್ನು ಹೇಳಿದ ಅದೇ ದನಿ.

ಅವ್ವ ನನ್ನ ಹಿಂದೆಯೇ ಇದ್ದಳು. ನನ್ನ ಕಡೆ ಒಮ್ಮೆ ನೋಡಿದಳು. ಒಳಗೆ ಹೋಗಿ ಹೋಳಿಗೆಗಳನ್ನು ಅರಿವೆಯಲ್ಲಿ ಕಟ್ಟಿಕೊಂಡು ಬಂದು ಬಂಡಿಯ ಬೆನ್ನು ಹತ್ತಿ ನಡೆದಳು. ಊರ ಹೊರಗಿನ ತಿರುವಿನಲ್ಲಿ ಮಾವ ಎತ್ತು ನಿಲ್ಲಿಸಿದ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಾನು ಹಂದರದ ಗಳ ಹಿಡಿದು ದೂರದಿಂದ ನೋಡಿದೆ. ಅವ್ವ ಬರಿಗೈಯಲ್ಲಿ ಮರಳಿ, ನೇರ ಅಡುಗೆಯವರ ಕಡೆ ಹೋದಳು. ನನ್ನನ್ನು ಏನೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ.

ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಅವನು ಆ ಹೋಳಿಗೆ ತಿಂದನೋ ಇಲ್ಲವೋ, ಅದೂ ಗೊತ್ತಿಲ್ಲ.