ಕೂತಲ್ಲೇ ಕೂತಿರು

ಗಾರ್ಡಜ್ಜಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳು. ಮೂಗಿನ ತುದಿಯಲ್ಲಿರುವುದು ಕನ್ನಡಕ. ಕೋಪ ಮೈತುಂಬ ಇದೆ. ಇಪ್ಪತ್ತೆಂಟು ವರ್ಷ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿ ಕಾಡು ಸುತ್ತಿ, ಮರಗಳ್ಳರ ಜೊತೆಗೂ ಮೇಲಧಿಕಾರಿಗಳ ಜೊತೆಗೂ ಒಂದೇ ಗಂಟಲಿನಲ್ಲಿ ಜಗಳವಾಡಿ ನಿವೃತ್ತಳಾದ ಹೆಂಗಸು. ಈಗ ಮಗಳ ಮನೆಯಲ್ಲಿ, ಎರಡನೇ ಮಹಡಿಯ ಮೂರು ಕೋಣೆಗಳಲ್ಲಿ, ಮಂಚದ ಪಕ್ಕದಲ್ಲೇ ಬೂಟು ಇಟ್ಟುಕೊಂಡು ಮಲಗುತ್ತಾಳೆ.

ಆ ಮನೆಯ ಊಟದ ಮೇಜೇ ಶಾಲೆ. ಮೊಮ್ಮಗಳು ಗುಬ್ಬಿಗೆ ಒಂಬತ್ತು ತುಂಬಿದೆ, ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮಗಳೇ ಓದಿಸುತ್ತಾಳೆ. ಹೀಗೆ ಮನೆಯಲ್ಲೇ ಓದಿಸುವ ಏಳು ಮನೆಯವರು ಸೇರಿ ಒಂದು ಗುಂಪು ಕಟ್ಟಿಕೊಂಡಿದ್ದರು. ಔಷಧಿ ಅಂಗಡಿಯವನು ಎಲ್ಲರ ಮಕ್ಕಳಿಗೂ ಲೆಕ್ಕ ಹೇಳಿಕೊಡುತ್ತಿದ್ದ, ಹಲ್ಲಿನ ಡಾಕ್ಟರಮ್ಮ ವಿಜ್ಞಾನ. ಬುಧವಾರ ಮಾತ್ರ ಅಜ್ಜಿಯದು. ನೀರಿನ ಟ್ಯಾಂಕಿನ ಹಿಂದಿನ ಗುಡ್ಡದಲ್ಲಿ ಹನ್ನೊಂದು ಮಕ್ಕಳಿಗೆ ಬೆಂಕಿ ಹೊತ್ತಿಸುವುದು, ಹೊತ್ತಿಸಿದ್ದನ್ನು ಆರಿಸುವುದು, ಗಂಟು ಹಾಕುವುದು, ನೆರಳು ನೋಡಿ ದಿಕ್ಕು ಹೇಳುವುದು.

ಆದರೆ ಈ ಅಪ್ಪ ಅಮ್ಮಂದಿರನ್ನು ಏನೆನ್ನೋಣ? ಮಕ್ಕಳು ಸ್ವತಂತ್ರವಾಗಿ ಬೆಳೆಯಲಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವರು, ಮಗು ಕಡ್ಡಿ ಗೀರಿದರೆ ಹಿಂದೆ ನಿಂತು ತಾವೇ ಊದುತ್ತಿದ್ದರು. ಮಗು ಹಗ್ಗ ಮುಟ್ಟುವಷ್ಟರಲ್ಲಿ ಇವರ ಕೈ ಗಂಟಿನ ಮೇಲೆ. ಎರಡು ವಾರ ಹಲ್ಲು ಕಚ್ಚಿಕೊಂಡಿದ್ದ ಅಜ್ಜಿ ಮೂರನೇ ಬುಧವಾರ ಗುಡ್ಡದ ಬುಡದಲ್ಲಿ ಸುಣ್ಣದ ಪುಡಿಯಿಂದ ಉದ್ದಕ್ಕೂ ಒಂದು ಗೆರೆ ಎಳೆದಳು.

“ದೊಡ್ಡವರು ಇದನ್ನ ದಾಟೋ ಹಾಗಿಲ್ಲ. ಫ್ಲಾಸ್ಕಲ್ಲಿ ಚಹಾ ತಂದಿದ್ದೀರಲ್ಲ, ಕುಡೀತಾ ಕೂತ್ಕೊಳ್ಳಿ.”

“ಏನಾದ್ರೂ ಆದ್ರೆ ಅಮ್ಮ?” ಎಂದ ಔಷಧಿ ಅಂಗಡಿಯವನು.

“ಚರ್ಮ ತರಚುತ್ತೆ. ನಿಮ್ಮ ಅಂಗಡೀಲಿ ಮುಲಾಮು ಇಲ್ವಾ?”

ಗೆರೆಯ ಆಚೆ ಕಲಿಸಿದ್ದರಲ್ಲಿ ಒಂದು ಪಾಠವನ್ನು ಮಾತ್ರ ಅಜ್ಜಿ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದಳು. ದಾರಿ ತಪ್ಪಿತು ಅನ್ನಿಸಿದ ತಕ್ಷಣ ಹತ್ತಿರದ ಮರದ ಬುಡದಲ್ಲಿ ಕೂತುಬಿಡಬೇಕು. ಮೂರು ಸಲ ಸೀಟಿ ಊದು, ನೂರು ಎಣಿಸು, ಮತ್ತೆ ಮೂರು ಸಲ ಊದು. ಹುಡುಕುವವರು ಬಂದೇ ಬರುತ್ತಾರೆ. ಕಾಡಿನಲ್ಲಿ ಆಕೆ ಹೆಣ ಹುಡುಕಿದ್ದು ನಾಲ್ಕು ಸಲ; ನಾಲ್ವರೂ ಗಾಬರಿಯಲ್ಲಿ ನಡೆದು ನಡೆದು ಸತ್ತವರು. ಅದನ್ನು ಮಕ್ಕಳಿಗೆ ಹೇಳಿರಲಿಲ್ಲ.

ಪರೀಕ್ಷೆಯ ದಿನ ಬಂತು. ಗುಡ್ಡದ ಮೇಲಿನ ಬಂಡೆಯಿಂದ ಒಬ್ಬೊಬ್ಬರೇ ಹೊರಟು, ಮರಗಳಿಗೆ ಕಟ್ಟಿದ ಕೆಂಪು ಬಟ್ಟೆ ನೋಡಿಕೊಂಡು ಟ್ಯಾಂಕಿನ ಹತ್ತಿರ ಇಳಿಯಬೇಕು. ಇಪ್ಪತ್ತು ನಿಮಿಷದ ದಾರಿ. ಹತ್ತು ಮಕ್ಕಳು ಬೆವರಿಕೊಂಡು, ಹಲ್ಲು ಕಿರಿಯುತ್ತ ಬಂದರು. ಗುಬ್ಬಿ ಬರಲಿಲ್ಲ.

ಅಜ್ಜಿಗೆ ಮೊದಲು ಗಾಬರಿಯಾಗಲಿಲ್ಲ. ಎಲ್ಲೋ ಬಟ್ಟೆ ಕಾಣದೆ ಕೂತಿರುತ್ತಾಳೆ, ಊದುತ್ತಾಳೆ. ಮೇಲೆ ಹತ್ತಿದಳು. ನಿಂತಳು. ಕಿವಿಗೊಟ್ಟಳು. ಸೀಟಿ ಇಲ್ಲ. ಬಂಡೆಯವರೆಗೂ ಹೋಗಿ ಕೂಗಿ ಕೂಗಿ ಗಂಟಲು ಹರಿದುಕೊಂಡಳು. ಸೀಟಿ ಇಲ್ಲ. ಅರ್ಧ ಗಂಟೆ ಕಳೆಯಿತು. ಜನ ಸೇರಿಸಿ ಹುಡುಕಲೆಂದು ಗೆರೆಯ ಹತ್ತಿರ ಇಳಿದು ಬಂದಳು.

“ಕೂತಿದ್ರೆ ಊದಬೇಕಿತ್ತು. ಯಾಕೆ ಊದ್ತಿಲ್ಲ ಅದು?”

ಔಷಧಿ ಅಂಗಡಿಯವನು ಕತ್ತು ತುರಿಸಿಕೊಂಡ. “ಅಮ್ಮ, ತಪ್ಪು ತಿಳ್ಕೋಬೇಡಿ. ನನ್ನ ಮಗನಿಗೆ ಮಾತ್ರ ಹೇಳಿದ್ದೆ, ದಾರಿ ತಪ್ಪಿದ್ರೆ ಕೂರಬೇಡ, ಇಳಿಜಾರು ನೋಡ್ಕೊಂಡು ಇಳಿದುಬಿಡು, ರಸ್ತೇಲಿ ಕಾರು ನಿಲ್ಲಿಸಿರ್ತೀನಿ ಅಂತ.”

“ನಾನೂ ಹಾಗೇ ಹೇಳಿದ್ದೆ,” ಎಂದಳು ಡಾಕ್ಟರಮ್ಮ ನೆಲ ನೋಡುತ್ತ. ಉಳಿದವರೂ ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಆರು ಮನೆಯವರೂ ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ ಮಕ್ಕಳ ಕಿವಿಯಲ್ಲಿ ಅದನ್ನೇ ಊದಿದ್ದರು. ಎಂಟು ತಿಂಗಳ ಪಾಠ ಮಣ್ಣುಪಾಲು.

ಅಜ್ಜಿಗೆ ಪಿತ್ತ ನೆತ್ತಿಗೇರಿತು. “ನಾಚಿಕೆ ಆಗಲ್ವೇನ್ರೀ ನಿಮಗೆ? ಎದುರಿಗೆ ತಲೆ ಆಡಿಸೋದು, ಹಿಂದಿನಿಂದ ಮಕ್ಕಳ ತಲೆ ಕೆಡಿಸೋದು. ಇಳಿಜಾರು ಒಂದೇ ಕಡೆ ಇದೆಯಾ ಈ ಗುಡ್ಡಕ್ಕೆ? ಆ ಕಡೆ ಇಳಿದ್ರೆ ಏನಿದೆ ಗೊತ್ತಾ? ಕಲ್ಲುಕ್ವಾರಿ. ಮೂವತ್ತು ಅಡಿ ಆಳ, ತುಂಬ ನೀರು.” ಆಮೇಲೆ ಮಗಳ ಕಡೆ ತಿರುಗಿದಳು. “ನೀನಾದ್ರೂ ಹೇಳಿಲ್ಲ ತಾನೇ?”

ಮಗಳ ಮುಖದಲ್ಲಿ ರಕ್ತವಿರಲಿಲ್ಲ. “ಹೇಳಿದೀನಿ,” ಎಂದಳು.

ಬೈಯಲು ಪುರುಸೊತ್ತು ಎಲ್ಲಿ? ಅಜ್ಜಿ ಕ್ವಾರಿಯ ಕಡೆ ಓಡಿದಳು. ಅರವತ್ತೆರಡು ವರ್ಷದ ಮಂಡಿ, ಮುಳ್ಳು, ಸಡಿಲ ಕಲ್ಲು, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಬೇಲಿ ಬಿದ್ದುಹೋದ ಕಡೆ, ಅಂಚಿಗೆ ಎರಡೇ ಹೆಜ್ಜೆ ಬಿಟ್ಟು, ಒಂದು ಪೊದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗುಬ್ಬಿ ಜಾರಿ ಕೂತಿದ್ದಳು. ಒಂದು ಕಾಲಿನ ಚಪ್ಪಲಿ ಕೆಳಗೆ ನೀರಿನಲ್ಲಿ ತೇಲುತ್ತಿತ್ತು. ಸೀಟಿ ಕತ್ತಿನಲ್ಲೇ ಇತ್ತು. ಅಜ್ಜಿ ಹೊಟ್ಟೆಯ ಮೇಲೆ ಮಲಗಿ, ರಟ್ಟೆ ಹಿಡಿದು ಎಳೆದು, ಹತ್ತು ಮಾರು ಆಚೆ ತಂದು ನಿಲ್ಲಿಸಿದ ಮೇಲೇ ಉಸಿರು ಬಿಟ್ಟಳು. ತಬ್ಬಿಕೊಳ್ಳಬೇಕೋ ಬಾರಿಸಬೇಕೋ ಆಕೆಗೇ ತಿಳಿಯಲಿಲ್ಲ.

“ನಾನು ಏನು ಹೇಳ್ಕೊಟ್ಟಿದ್ದೆ? ಕೂತಿರು ಅಂದಿದ್ನೋ ಇಲ್ವೋ?”

ಗುಬ್ಬಿ ಬಿಕ್ಕುತ್ತ ಹೇಳಿದಳು. “ಕೂತ್ರೆ ನೀನು ಬರಲ್ಲ ಅಂತ ಅಮ್ಮ ಹೇಳಿದ್ಲು.”

ಅಷ್ಟರಲ್ಲಿ ಮಗಳು ಏದುಸಿರು ಬಿಡುತ್ತ ಬಂದು ಮಗುವನ್ನು ಎದೆಗೆ ಒತ್ತಿಕೊಂಡಳು. ಹಿಂದೆಯೇ ಉಳಿದವರೂ ಬಂದು ನಿಂತರು. ಅಜ್ಜಿಯ ಮೈ ಕೆಂಡವಾಯಿತು.

“ಬರಲ್ಲ ಅಂದ್ಯಾ? ನಾನು ಬರಲ್ಲ ಅಂದ್ಯಾ? ನನ್ನ ಬಗ್ಗೆ ಈ ಮಗೂಗೆ ಇದನ್ನ ಕಲಿಸಿದ್ಯಾ? ಇನ್ನೊಂದು ಗೇಣು ಜಾರಿದ್ರೆ ನಿನ್ನ ಮಗಳು ಹೆಣ ಆಗಿರ್ತಿದ್ಲು. ಯಾಕೆ ಹೇಳ್ದೆ? ಹೇಳು, ಎಲ್ಲರ ಎದುರಿಗೇ ಹೇಳು.”

ಮಗಳು ಮಗುವಿನ ತಲೆ ಸವರುತ್ತಲೇ ಇದ್ದಳು. ದನಿ ಏರಿಸಲಿಲ್ಲ. “ನನಗೆ ಏಳು ವರ್ಷ. ಚೆಕ್‌ಪೋಸ್ಟ್ ಕೋಣೇಲಿ ಕೂತಿರು, ಎಲ್ಲೂ ಹೋಗಬೇಡ, ಈಗ ಬಂದೆ ಅಂತ ಹೇಳಿ ಹೋದೆ ನೀನು. ನಾನು ಕೂತಿದ್ದೆ ಅಮ್ಮ. ಎದ್ದು ನೀರು ಕೂಡ ಕುಡೀಲಿಲ್ಲ.”

ಅದು ಕಾಳ್ಗಿಚ್ಚಿನ ವರ್ಷ. ಮೂರು ಗುಡ್ಡ ಹತ್ತಿಕೊಂಡಿದ್ದವು, ಹಸಿ ಸೊಪ್ಪು ಬಡಿದು ಬಡಿದು ಅಜ್ಜಿಯ ಅಂಗೈ ಸುಲಿದುಹೋಗಿತ್ತು. ಅದಕ್ಕೆ ಇಲಾಖೆ ಕೊಟ್ಟ ಪ್ರಶಸ್ತಿ ಪತ್ರ ಈಗಲೂ ಗೋಡೆಯ ಮೇಲಿದೆ. ಮಕ್ಕಳಿಗೆ ಆ ಕಥೆಯನ್ನು ಆಕೆ ಹತ್ತು ಸಲ ಹೇಳಿದ್ದಾಳೆ. ಅದರಲ್ಲಿ ‘ಮಗೂನ ಚೆಕ್‌ಪೋಸ್ಟಲ್ಲಿ ಕೂರಿಸಿ ಓಡಿದೆ’ ಎಂಬುದು ಒಂದೇ ಮಾತು. ಉಸಿರು ಎಳೆದುಕೊಂಡು ಮುಂದಕ್ಕೆ ಹೋಗಿಬಿಡುತ್ತಿದ್ದಳು. ಈಗಲೂ ಬೆಂಕಿ, ಗಾಳಿ, ಕರ್ತವ್ಯ ಎಲ್ಲ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಔಷಧಿ ಅಂಗಡಿಯವನು ಇಲ್ಲಿ ತನಗೇನು ಕೆಲಸ ಎನ್ನುವವನ ಹಾಗೆ ಎತ್ತಲೋ ನೋಡುತ್ತಿದ್ದ.

“ಎಷ್ಟು ಹೊತ್ತು ಕೂತಿದ್ದೆ?” ಎಂದಳು ಅಜ್ಜಿ. ಮೂವತ್ತು ವರ್ಷದಲ್ಲಿ ಕೇಳಿರಲಿಲ್ಲ.

“ಮಾರನೇ ದಿನ ಮಧ್ಯಾಹ್ನದವರೆಗೂ. ಆಗಲೂ ನೀನು ಬರಲಿಲ್ಲ, ಲಾರಿಯವನೊಬ್ಬ ಎಬ್ಬಿಸಿ ಮನೆಗೆ ಕರ್ಕೊಂಡು ಹೋಗಿ ಬಿಟ್ಟ.”