ರಬ್ಬರ್ ಅಂಗಿಗೆ ಕೌದಿಯ ಹೊಲಿಗೆ

ನಾನು ಶಾಲೆ ಬಿಟ್ಟದ್ದು ೧೯೯೪ರಲ್ಲಿ, ಏಳನೆಯ ಇಯತ್ತೆಯ ಅರ್ಧಕ್ಕೆ, ಒಂದು ಸ್ವೆಟರಿನ ದೆಸೆಯಿಂದ. ಬೆಳಗಿನ ಪ್ರಾರ್ಥನೆಯಲ್ಲಿ ನಾನು ನಡುಗುವುದನ್ನು ಕಂಡ ಗುರುಗಳು ತಮ್ಮ ಮಗನ ಹಳೆಯ ಸ್ವೆಟರನ್ನು ಎಲ್ಲರೆದುರು ನನಗೆ ತೊಡಿಸಿದರು. ಅವರದು ಶುದ್ಧ ಅಂತಃಕರಣ. ನನ್ನದು ಶುದ್ಧ ಸೊಕ್ಕು. ಆ ಮಗ ನನ್ನ ವರ್ಗದಲ್ಲೇ ಕೂರುತ್ತಿದ್ದ. ಮರುದಿನ ಸ್ವೆಟರನ್ನು ಮಡಚಿ ಗುರುಗಳ ಮೇಜಿನ ಮೇಲಿಟ್ಟು ಬಂದವನು ಮತ್ತೆ ಆ ಕಡೆ ಹೋಗಲಿಲ್ಲ. ಮಂದಿ ಬಿಟ್ಟ ಅರಿವೆ ತೊಡುವುದಿಲ್ಲವೆಂಬ ಪ್ರತಿಜ್ಞೆಯೊಂದೇ ಅಲ್ಲಿಂದ ನಾನು ಪಡೆದ ಪ್ರಮಾಣಪತ್ರ.

ಇಂಥವನಿಗೆ ದಕ್ಕಿದ ಕಾಯಕ ನೋಡಿ, ದಿನವೂ ಚಳಿಯಲ್ಲಿ ಮುಳುಗುವುದು. ಮುದ್ದೇಬಿಹಾಳದಾಚೆ ಕೃಷ್ಣೆಯ ಹಿನ್ನೀರಿನಲ್ಲಿ ಊರುಗಳಿಗೆ ಕುಡಿಯುವ ನೀರೆತ್ತುವ ಜಾಕ್‌ವೆಲ್ ಇದೆ. ಅದರ ಬಾಯಿಯ ಕಬ್ಬಿಣದ ಜಾಳಿಗೆಗೆ ಸಿಕ್ಕಿಕೊಳ್ಳುವ ಜೊಂಡು, ಹರಿದ ಬಲೆ, ಪ್ಲಾಸ್ಟಿಕ್ಕುಗಳನ್ನು ನೀರಿನಡಿ ಹೋಗಿ ಕಿತ್ತು ತೆಗೆಯುವವನು ನಾನು. ನಮ್ಮ ಜಿಲ್ಲೆಯ ಹೆಸರೆತ್ತಿದೊಡನೆ ಬಿಸಿಲನ್ನಷ್ಟೇ ನೆನೆಯುವ ನೀವು ಸಂಕ್ರಾಂತಿಯ ಸುಮಾರಿಗೆ ಇಲ್ಲಿ ಒಮ್ಮೆ ಮುಳುಗಿ ನೋಡಬೇಕು. ಮೊದಲ ಕಾಲು ಗಂಟೆ ಹಿತ, ಆಮೇಲೆ ನೀರು ಸಾವಕಾಶವಾಗಿ ನಿಮ್ಮ ಎಲುಬಿನ ವಿಳಾಸ ವಿಚಾರಿಸತೊಡಗುತ್ತದೆ. ಅದಕ್ಕೆಂದೇ ವೆಟ್‌ಸೂಟ್, ನಮ್ಮ ಬಾಯಲ್ಲಿ ರಬ್ಬರ್ ಅಂಗಿ. ಅದು ನೀರನ್ನು ತಡೆಯುತ್ತದೆಂದು ಎಲ್ಲರ ತಿಳುವಳಿಕೆ. ಹಾಗಲ್ಲ, ತುಸು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆ ನೀರು ಹೊರಗೆ ಹೋಗದೆ ನಿಂತರೆ ಮೈಯ ಕಾವಿಗೆ ತಾನೂ ಬೆಚ್ಚಗಾಗಿ ಸಂಗಾತಿಯಾಗುತ್ತದೆ. ಹೊಸ ನೀರು ಮೇಲಿಂದ ಮೇಲೆ ನುಗ್ಗಿದರೆ ಮಾತ್ರ ಕೆಟ್ಟಿತು.

ಹೋದ ಚಳಿಗಾಲ ಅಂಗಿಯ ಬೆನ್ನು ಜಾಳಿಗೆಗೆ ಸಿಕ್ಕಿ ಗೇಣುದ್ದ ಹರಿಯಿತು. ಅದಕ್ಕೆ ಬೇರೆಯೇ ಅಂಟು ಬೇಕು. ತರಿಸಿದರಾಯಿತೆಂದು ಮನೆಯಲ್ಲಿಟ್ಟು ಇಂಡಿಗೆ ಒಂದು ಮದುವೆಗೆ ಹೋದೆ. ಬರುವಷ್ಟರಲ್ಲಿ ನನ್ನ ಹೆಂಡತಿ ನೀಲವ್ವ ಅದನ್ನು ಹೊಲಿದಿಟ್ಟಿದ್ದಳು. ಸಿಂದಗಿ ಕಡೆಯ ಕನ್ನೊಳ್ಳಿಯ ಮಗಳು ಅವಳು. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ ಅವಳು ಹೊಲಿಯುವ ಕೌದಿಗೆ ನಮ್ಮ ಓಣಿಯಲ್ಲಿ ಸಾಟಿಯಿಲ್ಲ. ಹರಿದಲ್ಲಿ ಒಳಗಿನಿಂದ ತನ್ನ ಇಳಕಲ್ ಸೀರೆಯ ತುಂಡಿಟ್ಟು, ಸುತ್ತ ಹನ್ನೆರಡು ಸಾಲು ಒತ್ತೊತ್ತಾದ ಹೊಲಿಗೆ ಹಾಕಿದ್ದಳು. ಒಂದೊಂದು ಹೊಲಿಗೆಗೂ ಎರಡೆರಡು ತೂತು! ಅಂಗಿಯ ಕಥೆ ಮುಗಿದಿತ್ತು. ಆದರೆ ದಪ್ಪ ರಬ್ಬರಿಗೆ ಸೂಜಿ ಒತ್ತಿ ಒತ್ತಿ ಊದಿಕೊಂಡ ಅವಳ ಹೆಬ್ಬೆರಳನ್ನು ಕಂಡ ಮೇಲೆ ಯಾವ ಬಾಯಿಂದ ಹೇಳಲಿ? ಮರುದಿನ ಸಂಜೆ ಕೇಳಿದಾಗ, ಬೆನ್ನಿಗೆ ಒಂದು ಹನಿಯೂ ಬರಲಿಲ್ಲ ಎಂದುಬಿಟ್ಟೆ.

ಬಂದದ್ದು ಇಡೀ ಕೃಷ್ಣೆ. ಕೈ ಚಾಚಿದಾಗೊಮ್ಮೆ ಹನ್ನೆರಡು ಸಾಲುಗಳಿಂದಲೂ ಹೊಸ ನೀರು ಬೆನ್ನಿಗಿಳಿಯುತ್ತಿತ್ತು. ಗುಟ್ಟು ಬಯಲಾದೀತೆಂದು ಒದ್ದೆ ಅಂಗಿಯನ್ನು ಮನೆಗೆ ತಾರದೆ ಜಾಕ್‌ವೆಲ್ಲಿನ ಕೋಣೆಯಲ್ಲೇ ಬಿಟ್ಟು ಬರುತ್ತಿದ್ದೆ. ಮೇಲೆ ನನ್ನ ಸೊಂಟದ ಹಗ್ಗ ಹಿಡಿದು ನಿಲ್ಲುವವರು ಹುಸೇನಸಾಬರು, ಕಿವಿ ಕೆಟ್ಟು ಮುಳುಗುವುದನ್ನು ಬಿಟ್ಟ ಹಿರಿಯರು. ಒಮ್ಮೆ ಜಗ್ಗಿದರೆ ಕ್ಷೇಮ, ಮೂರು ಸಲ ಜಗ್ಗಿದರೆ ಮೇಲಕ್ಕೆಳೆಯಿರಿ ಎಂಬುದು ನಮ್ಮ ಕರಾರು. ನಾಲ್ಕನೆಯ ದಿನ ಕ್ಷೇಮ ತಿಳಿಸಹೋದ ನನ್ನ ಮರಗಟ್ಟಿದ ಕೈ ನಡುನಡುಗಿ ಎಷ್ಟು ಸಲ ಜಗ್ಗಿತೋ, ಅವರು ನನ್ನನ್ನು ಬಾವಿಯ ಕೊಡದಂತೆ ಸರಸರನೆ ಎಳೆದು ದಂಡೆಗೆ ಹಾಕಿದರು. ನನ್ನ ತುಟಿಯ ಬಣ್ಣ ನೋಡಿದರು, ಬೆನ್ನು ನೋಡಿದರು.

“ಇವತ್ತ ಸುಮ್ಮಸುಮ್ಮನ ಜಗ್ಗಿದಿ ತಮ್ಮಾ. ನಾಳಿ ಜಗ್ಗೂದ ಆಗಲಿಲ್ಲಂದ್ರ? ನನ್ನ ಹಳೇ ತೆಳ್ಳನ ರಬ್ಬರ್ ಅಂಗಿ ಮನ್ಯಾಗ ಗೂಟಕ್ಕ ಜೋತಬಿದ್ದೈತಿ. ಅದನ್ನ ಒಳಗ ಹಾಕ್ಕೊಂಡು ಇದನ್ನ ಮ್ಯಾಲ ಹಾಕ್ಕೋ. ಇಲ್ಲಂದ್ರ ನಾ ಹಗ್ಗ ಹಿಡಿಯಾಂವಲ್ಲ.”

ಹಗ್ಗ ಹಿಡಿಯುವವರಿಲ್ಲದೆ ನನಗೆ ಕೆಲಸವಿಲ್ಲ. ಆದರೂ ಒಳಗಿದ್ದ ಏಳನೆಯ ಇಯತ್ತೆಯವನು ಸೆಟೆದು ನಿಂತ. ಒಲ್ಲೆನೆಂದು ಹೇಳಿ, ಆ ಸೆಡವಿನಲ್ಲಿ ಗುಟ್ಟನ್ನೂ ಮರೆತು, ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದೆ.

ಒಣಹಾಕಲೆಂದು ಅದರ ಒಳಮೈ ಹೊರಗೆ ಮಾಡಿದ ನೀಲವ್ವ ಅಲ್ಲೇ ಕುಳಿತುಬಿಟ್ಟಳು. ಕೌದಿಯ ಕೊನೆಯ ಮೂಲೆಯನ್ನು ಬರಿದಾಗಿ ಮುಚ್ಚಬಾರದೆಂದು ನಾಲ್ಕು ಕಾಳಿಟ್ಟು ಹೊಲಿಯುವುದು ಅವಳ ತವರಿನ ರೂಢಿ. ನನ್ನ ಬೆನ್ನಿನ ತೇಪೆಗೂ ಜೋಳದ ಕಾಳಿಟ್ಟಿದ್ದಳಂತೆ. ಅವುಗಳಲ್ಲಿ ಮೂರು ಮೊಳಕೆಯೊಡೆದು ಸೀರೆಯ ಅಂಚಿನಿಂದ ಬೆಳ್ಳಗೆ ಇಣುಕುತ್ತಿದ್ದವು.

“ಒಂದ ಹನೀನೂ ಬರಲಿಲ್ಲ ಅಂದಿದ್ರಿ,” ಎಂದಳು. “ನೀರಿಲ್ಲದ ಜ್ವಾಳ ಹುಟ್ಟತೈತೇನ್ರಿ?”

ಒಕ್ಕಲಿಗರ ಮಗಳ ಎದುರು ಸುಳ್ಳು ಎಷ್ಟು ದಿನ ನಿಂತೀತು? ತೂತಿನ ಸಂಗತಿ, ಹುಸೇನಸಾಬರ ಮಾತು, ಹಾಗೇ ಅವಳಿಗೆ ಎಂದೂ ಹೇಳದಿದ್ದ ಸ್ವೆಟರಿನ ಕಥೆ, ಎಲ್ಲವನ್ನೂ ಒಪ್ಪಿಸಿದೆ. ಅವಳು ಎದ್ದು ಹೋಗಿ ನನ್ನ ಹಾಸಿಗೆಯ ಕೌದಿಯನ್ನು ತಂದು ಎದುರಿಗೆ ಹರವಿದಳು.

“ನೀವು ಹೊಚ್ಚಿಕೊಳ್ಳೋ ಕೌದ್ಯಾಗ ನನ್ನ ಸೀರಿ ಐತಿ, ಅತ್ತೀದು ಐತಿ, ಬಾಜೂಮನಿ ಕಾಕಾನ ಧೋತರಾನೂ ಐತಿ. ಮಂದಿ ಬಿಟ್ಟ ಅರಿವಿ ಒಲ್ಲೆ ಅನ್ನೋರು ಇಪ್ಪತ್ತ ವರ್ಷ ಅದರಾಗ ಹೆಂಗ ಮಲಗಿದ್ರಿ?”

ಯಾರಾರೋ ಕಳಚಿಟ್ಟ ಪದರಗಳ ನಡುವೆ ಬೆಚ್ಚಗೆ ಮಲಗಿ, ಬೆಳಗೆದ್ದು ಅಭಿಮಾನದ ಮಾತಾಡುತ್ತ ಬಂದವನು ನಾನು.

ಮರುದಿನ ಹುಸೇನಸಾಬರ ಮನೆಗೆ ಹೋಗಿ ಬಾಯಿಬಿಟ್ಟು ಕೇಳಿದೆ. ಅವರಾಗಲೇ ಅದನ್ನು ತೊಳೆದು, ಪೌಡರ್ ಹಾಕಿ, ಕಟ್ಟೆಯ ಮೇಲೆ ಮಡಚಿಟ್ಟಿದ್ದರು. ತೆಳ್ಳನೆಯದು ಒಳಗೆ, ಕೌದಿಯದು ಮೇಲೆ; ಹತ್ತಿ ತುರುಕಿದ ಅಂಡಿಗೆ ಚೀಲದಂತಾದ ನಾನು ತೇಲದಿರಲೆಂದು ಸೊಂಟಕ್ಕೆ ಇನ್ನಷ್ಟು ಸೀಸ ಕಟ್ಟಬೇಕಾಯಿತು. ನೀರು ಮೇಲಿನ ಪದರವನ್ನು ದಾಟಿತು, ಒಳಗಿನದರ ಹತ್ತಿರ ನಿಂತಿತು, ನಿಂತು ಬೆಚ್ಚಗಾಯಿತು. ಹಗ್ಗವನ್ನು ಒಮ್ಮೆ, ಒಂದೇ ಒಂದು ಸಲ ಜಗ್ಗಿದೆ. ಮೇಲೆ ಬಂದಾಗ, ಗುರುಗಳಿಗೆ ಹೇಳದೆ ಉಳಿದಿದ್ದ ಮಾತನ್ನು ಹುಸೇನಸಾಬರಿಗೆ ಹೇಳಿದೆ: “ಬೆಚ್ಚಗೈತ್ರಿ.”

ಆಮೇಲೆ ಅಂಟು ಬಂತು. ಹೊಲಿಗೆ ಬಿಚ್ಚದೆ ಅದರ ಮೇಲೆಯೇ ಹಚ್ಚಿದೆ. ಮೊಳಕೆಗಳನ್ನು ನೀಲವ್ವ ಹಿತ್ತಲಿನ ಡಬ್ಬಿಯಲ್ಲಿ ನೆಟ್ಟಳು.

ಈಗ ನನ್ನ ಹತ್ತಿರ ರಬ್ಬರ್ ಅಂಗಿ ಎರಡು, ಅದರಲ್ಲಿ ಒಂದು ಇನ್ನೊಬ್ಬರದು. ಕೌದಿ ಒಂದು. ನಡುಗದ ಕೈ ಎರಡು. ಜೋಳದ ತೆನೆ ಮೂರರಲ್ಲಿ ಒಂದನ್ನು ಗುಬ್ಬಿಗಳು ತಿಂದವು, ಎರಡು ಬಾಗಿಲ ಮೇಲೆ ತೂಗುತ್ತಿವೆ. ಸ್ವೆಟರ್ ಇಲ್ಲ, ಯಾರಾದರೂ ಹಳೆಯದು ಕೊಟ್ಟರೆ ತೊಡುತ್ತೇನೆ.