ಉಣ್ಣೆ ಎಲೆಯ ವಿಲೋ

ಚಳಿಗಾಲದಲ್ಲಿ ಕುಂಡ ಹೊರಗಿಟ್ಟರೆ ಗಿಡ ಸಾಯುತ್ತದೆಂದು ವಿಲಾಯತಿಯಲ್ಲಿ ನಾವಿದ್ದ ಎಜ್‌ವೇರ್‌ನ ಕನ್ನಡಿಗರೆಲ್ಲ ನಂಬಿದ್ದ ಕಾಲ. ಚಳಿ ಶುರುವಾಗುತ್ತಲೇ ಪಕ್ಕದ ಮನೆಯ ಸ್ಕಾಟ್ಲೆಂಡಿನ ಜೀನ್ ಅಜ್ಜಿ, ತೀರಿಕೊಂಡ ಗಂಡ ಕುಂಡದಲ್ಲಿ ನೆಟ್ಟಿದ್ದ, ಎಲೆಗೆ ಉಣ್ಣೆಯಂಥ ಬಿಳಿ ರೋಮವಿರುವ ಬೆಟ್ಟದ ವಿಲೋ ಗಿಡವನ್ನು ನಮಗೊಪ್ಪಿಸಿ ಆಸ್ಪತ್ರೆ ಸೇರಿದರು.

“ಎಲೀಗೂ ಉಣ್ಣಿ ಬಂದದ ನೋಡು, ಅಷ್ಟು ಥಂಡಿ ಹತ್ತೇದ ಅದಕ್ಕ” ಎಂದು ಧಾರವಾಡದ ನಮ್ಮವ್ವ ಅದನ್ನು ಒಳಗೆ ತಂದು, ಹೀಟರ್ ಬಳಿ ತುಳಸಿಯ ಪಕ್ಕ ಇಟ್ಟಳು. ನಾನೂ ತಲೆಯಾಡಿಸಿದೆ.

ಅಜ್ಜಿ ಮರಳುವಷ್ಟರಲ್ಲಿ ಬರೀ ಕಡ್ಡಿಗಳು ಉಳಿದಿದ್ದವು. ನಾನು ಕ್ಷಮೆ ಕೇಳಿದೆ. ಅವರು ಉಗುರಿನಿಂದ ತೊಗಟೆ ಕೆರೆದು ಜೀವ ಇನ್ನೂ ಇದೆಯೆಂದು ಒಳಗಿನ ಹಸಿರು ತೋರಿಸಿದರು.

“ಇದು ಹಿಮದ ಬೆಟ್ಟದ್ದು. ಬೆಚ್ಚಗಾದರೇ ಕಷ್ಟ” ಎಂದು ನಕ್ಕು, ಒಂದು ಕಡ್ಡಿ ಮುರಿದು ಅವ್ವನ ಕೈಗಿತ್ತರು. “ಹೊರಗೇ ನೆಡಿ.”

ಬೈಯುವ ಹಕ್ಕಿದ್ದೂ ಬೈಯದಿದ್ದಕ್ಕೆ ನಾನು ಅಜ್ಜಿಗೆ ಇಂದಿಗೂ ಋಣಿ.

ಆ ಚಳಿಗಾಲ ಒಳಗಿದ್ದ ತುಳಸಿ ಸತ್ತಿತು. ವಸಂತಕ್ಕೆ ಹೊರಗಿದ್ದ ಕಡ್ಡಿ ಚಿಗುರಿತು.